ಒಂಬತ್ತು ಮದುವೆಗಳ ಮುರಗೆಪ್ಪ

ಬನಹಟ್ಟಿಯ ಮುರಗೆಪ್ಪ ಒಂದು ರಟ್ಟಿಗೆ ತೂತು ಹಾಕಬೇಕಾದರೆ ಒಂಬತ್ತು ಮದುವೆಗಳು ಒಮ್ಮೆಲೇ ನಡೆಯಬೇಕು. ಎಂಟು ನಡೆದರೆ ರಟ್ಟು ಹರಿಯುತ್ತದೆ. ಹತ್ತು ನಡೆದರೆ ತೂತು ಬೀಳುವುದೇ ಇಲ್ಲ. ಜಮಖಂಡಿಯಿಂದ ಬೀಳಗಿಯವರೆಗಿನ ಎಲ್ಲ ಬಸ್ ಸ್ಟ್ಯಾಂಡಿನ ಚಹಾದಂಗಡಿಗಳೂ ಇದನ್ನು ಒಪ್ಪಿಕೊಂಡಿವೆ. ತಕರಾರು ಇರುವುದು ವಿವರಗಳಲ್ಲಿ ಮಾತ್ರ. ಮುರಗೆಪ್ಪ ಯಾವುದೋ ದೇವಿಗೆ ಹರಕೆ ಹೊತ್ತಿದ್ದಾನೆಂದು ಲೋಕಾಪುರದವರು ಹೇಳುತ್ತಾರೆ. ಇಲ್ಲ, ಹಿಂದಿನ ಜನ್ಮದಲ್ಲಿ ಅವನು ಬ್ಯಾಂಡಿನವನಾಗಿದ್ದ, ವಾಲಗದ ಗದ್ದಲವಿಲ್ಲದೆ ಅವನ ಕೈ ಓಡುವುದಿಲ್ಲ ಎಂಬುದು ಸಾವಳಗಿಯವರ ಸಿದ್ಧಾಂತ. ಮುಧೋಳ ಮಾರ್ಗದ ಕಂಡಕ್ಟರನೊಬ್ಬ ಟಿಕೆಟ್ ಹರಿಯುತ್ತಲೇ ವರ್ಣಿಸುವ ಪ್ರಕಾರ, ಒಂಬತ್ತು ಜೋಡಿ ಮದುಮಕ್ಕಳು ಬಾಸಿಂಗ ಕಟ್ಟಿಕೊಂಡು ಮುರಗೆಪ್ಪನ ಬೆನ್ನ ಹಿಂದೆ ಸಾಲಾಗಿ ನಿಲ್ಲುತ್ತಾರೆ, ಅಕ್ಷತೆ ಬಿದ್ದ ಕ್ಷಣಕ್ಕೆ ಸರಿಯಾಗಿ ಅವನು ಗುಂಡಿ ಒತ್ತುತ್ತಾನೆ. ಜಮಖಂಡಿಯ ಅಜ್ಜಿಯೊಬ್ಬಳು ಮೊಮ್ಮಗಳ ಫೋಟೋ ಹಿಡಿದುಕೊಂಡು ಬಂದು, "ಇಕೀನೂ ಆ ಸಾಲಿನಾಗ ಸೇರಿಸ್ಕೋ ತಮ್ಮಾ, ಒಂದ ಮಂಟಪದಾಗ ಮುಗದು ಹೋಗ್ಲಿ" ಎಂದು ಕೇಳಿದ್ದೂ ಉಂಟು.

ಈ ಕಥೆಗಳಲ್ಲಿ ಸುಳ್ಳು ಬಹಳ ಇಲ್ಲ. ಮದುವೆಗಳು ನಿಜ, ಒಂಬತ್ತು ಎಂಬ ಲೆಕ್ಕವೂ ನಿಜ. ಬಾಸಿಂಗದವರು ಬೆನ್ನ ಹಿಂದೆ ನಿಲ್ಲುವುದಿಲ್ಲ, ಕಣ್ಣ ಮುಂದೆ ಕುಣಿಯುತ್ತಾರೆ, ಅದೊಂದೇ ತಿದ್ದುಪಡಿ.

ಮುರಗೆಪ್ಪನನ್ನು ನೋಡಿದರೆ ಪುರಾಣಕ್ಕೆ ಆಗಿಬರುವ ಆಳು ಎಂದು ಯಾರಿಗೂ ಅನ್ನಿಸುವುದಿಲ್ಲ. ನಲವತ್ತಾರು ವರ್ಷ, ಗಿಡ್ಡ ದೇಹ, ಮೂಗಿನ ಮೇಲೆ ಒಂದು ಕಡ್ಡಿಗೆ ದಾರ ಸುತ್ತಿದ ಚಾಳೀಸು. ಅವನ ಕಸುಬು ಸೀರೆಯ ಅಂಚಿಗೆ ರಟ್ಟು ಮಾಡಿಕೊಡುವುದು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮನೆಗೆರಡು ಮಗ್ಗ. ಬಳ್ಳಿ, ಹೂವು, ನವಿಲು ಬರಬೇಕಾದ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಪೆಟ್ಟಿಗೆ. ಆ ಪೆಟ್ಟಿಗೆಗೆ ಉದ್ದುದ್ದ ರಟ್ಟಿನ ಪಟ್ಟಿಗಳ ಸರ. ರಟ್ಟಿನಲ್ಲಿ ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿಯೇ ಇರುತ್ತದೆ. ನವಿಲಿನ ಕಣ್ಣು ಎಲ್ಲಿ ಬರಬೇಕು, ಬಳ್ಳಿ ಎಲ್ಲಿ ಬಾಗಬೇಕು ಎಂಬುದೆಲ್ಲ ಆ ತೂತುಗಳಲ್ಲೇ ಇದೆ. ಗುಡಿ ಕಟ್ಟಿದವರ ಹೆಸರನ್ನು ಲೋಕ ಕಲ್ಲಿನಲ್ಲಿ ಕೊರೆಸುತ್ತದೆ. ತೂತು ಹಾಕಿದವನನ್ನು ಯಾರೂ ನೆನೆಯುವುದಿಲ್ಲ. ಮುರಗೆಪ್ಪನಿಗೆ ಅದರ ಬೇಸರವೂ ಇರಲಿಲ್ಲ. ಅವನು ನೆನೆಯುತ್ತಿದ್ದುದು ಇನ್ನೊಬ್ಬನನ್ನು.

ಆ ಇನ್ನೊಬ್ಬ ಮುಧೋಳದ ರೇಡಿಯೋ ರಿಪೇರಿ ಗಿರಿಮಲ್ಲಪ್ಪ. ೧೯೯೭ರಲ್ಲಿ, ಬಾಗಲಕೋಟೆ ಹೊಸ ಜಿಲ್ಲೆಯಾಯಿತೆಂದು ಎಲ್ಲರೂ ಪಟಾಕಿ ಹಾರಿಸುತ್ತಿದ್ದಾಗ, ಈ ಮಹಾನುಭಾವ ಹಳೆಯ ಟೇಪ್ ರೆಕಾರ್ಡರಿನ ಮೋಟಾರು, ಸ್ಕೂಟರಿನ ಸ್ಪ್ರಿಂಗು ಮತ್ತು ಯಾವುದೋ ಮಿಲ್ಲಿನ ಗುಜರಿ ಸೇರಿಸಿ ರಟ್ಟಿಗೆ ತೂತು ಹಾಕುವ ಯಂತ್ರವೊಂದನ್ನು ಕಟ್ಟಿದ. ಅದನ್ನು ಕುಣಿಸಲು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮನ್ನೂ ಬರೆದ. ಕಪ್ಪು ಪರದೆ, ಹಸಿರು ಚೌಕಗಳು; ಮೌಸು ಬೇಡ, ಚಿತ್ರ ಬೇಡ; ಬಾಣದ ಗುರುತಿನ ನಾಲ್ಕು ಗುಂಡಿಗಳಲ್ಲೇ ಅಂಚೆಲ್ಲ ಬರೆದು ಮುಗಿಯುತ್ತಿತ್ತು. ಹಿಂದೆ ಒಂದು ಅಂಚಿನ ರಟ್ಟುಗಳನ್ನು ಕೈಯಿಂದ ಕುಟ್ಟಲು ತಿಂಗಳೇ ಹಿಡಿಯುತ್ತಿತ್ತು. ಇದು ಬಂದ ಮೇಲೆ ಒಂದೇ ದಿನ. ಆಗ ಮುರಗೆಪ್ಪ ಬೆರಳಿಗೆ ಬಟ್ಟೆ ಸುತ್ತಿಕೊಂಡು ರಟ್ಟು ಕುಟ್ಟುವ ಕೂಲಿಯಾಗಿದ್ದ. ಗಿರಿಮಲ್ಲಪ್ಪ ಅವನನ್ನು ಕೂಡಿಸಿಕೊಂಡು ಯಂತ್ರ ನಡೆಸುವುದನ್ನೆಲ್ಲ ಕಲಿಸಿದ, ಒಂದು ಮಾತನ್ನೂ ಬಚ್ಚಿಡಲಿಲ್ಲ; ಕೊನೆಗೆ ಯಂತ್ರ, ಕಂಪ್ಯೂಟರು ಎರಡನ್ನೂ ಅವನ ಮನೆಗೇ ಕೊಟ್ಟ.

"ಯಂತ್ರಕ್ಕ ಒಂದು ತೂತು ಹೊಡದು ಕೈ ಎತ್ತಾಕ ಹೊತ್ತು ಬೇಕಲ್ಲೋ ಮುರಗ್ಯಾ," ಎಂದು ವಿವರಿಸಿದ್ದ. "ಅದಕ್ಕ ನಾ ಈ ಕಂಪ್ಯೂಟರಿಗಿ ಹೇಳೇನಿ, ಒಂದು ತೂತು ಆದ ಮ್ಯಾಲ ಸುಮ್ನ ಇಪ್ಪತ್ತು ಸಾವಿರತನಕ ಎಣಸು, ಆಮ್ಯಾಲ ಮುಂದಿನ ತೂತಿಗಿ ಹೋಗು ಅಂತ. ಅದು ಎಣಸೂದ್ರಾಗ ಯಂತ್ರ ಕೈ ಎತ್ತಿರತೈತಿ."

೨೦೦೬ರಲ್ಲಿ ಗಿರಿಮಲ್ಲಪ್ಪ ತೀರಿಕೊಂಡ. ಪ್ರೋಗ್ರಾಮನ್ನು ತಿದ್ದುವ ಒಳಗುಟ್ಟು ಮಾತ್ರ ಅವನ ತಲೆಯಲ್ಲೇ ಇತ್ತು, ತಲೆಯೊಂದಿಗೇ ಹೋಯಿತು. ಅಂದಿನಿಂದ ಮುರಗೆಪ್ಪ ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, "ಗಿರಿಮಲ್ಲಪ್ಪಣ್ಣಾ, ನಿನ್ನ ಅನ್ನ" ಎಂದು ಕೈಮುಗಿದೇ ಕೂರುತ್ತಿದ್ದ. ಆ ಕಂಪ್ಯೂಟರಿನಲ್ಲಿ ಇದ್ದದ್ದು, ಅದು ಬಂದ ಮರುವರ್ಷ ಗಿರಿಮಲ್ಲಪ್ಪ ಹಾಕಿಕೊಟ್ಟ, ೯೮ ಎಂಬ ಹೆಸರಿನ ಹಳೆಯ ವಿಂಡೋಸ್. ಅದರ ನಂತರದವು ಎಷ್ಟು ಬಂದವು, ಎಷ್ಟು ಹೋದವು ಎಂಬುದನ್ನು ಅವನು ಕೇಳಿದವನೂ ಅಲ್ಲ.

೨೦೧೦ರ ಮಳೆಗಾಲದ ಕೊನೆಗೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹೋಗುವುದು ಅದರ ದಿನದ ಅಭ್ಯಾಸ. ಆದರೆ ಅವತ್ತು ವಾಪಸು ಬರುವಾಗ ಒಂಟಿಯಾಗಿ ಬರಲಿಲ್ಲ, ಬಂಧುಬಳಗವನ್ನೆಲ್ಲ ಕರೆದುಕೊಂಡು ಬಂತು. ಹದಿಮೂರು ವರ್ಷ ದುಡಿದ ಕಂಪ್ಯೂಟರು ಒಮ್ಮೆ ಕೆಮ್ಮಿ, ಹೊಗೆಯುಗುಳಿ, ಕಣ್ಣು ಮುಚ್ಚಿತು. ಮುರಗೆಪ್ಪನ ಹೆಂಡತಿ ಶಿವವ್ವ ಅಂದು ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ.

ಜಮಖಂಡಿಯ ಕಂಪ್ಯೂಟರ್ ಅಂಗಡಿಯ ಶಿವಯೋಗಿ ಹೊಸದೊಂದನ್ನು ಕೊಟ್ಟ. ಮೂವತ್ತು ದಾಟಿದ, ಮಾತಿನಲ್ಲಿ ಪಳಗಿದ ಮನುಷ್ಯ. ಕಂಪ್ಯೂಟರ್ ಮಾರುವಾಗ ಹೋರಿ ಮಾರುವವರ ಹಾಗೆ ಅದರ ಬೆನ್ನು ಚಪ್ಪರಿಸುತ್ತಿದ್ದ. "ಇದು ನಿಮ್ಮ ಹಳೇದಕ್ಕಿಂತ ಐವತ್ತು ಪಟ್ಟು ಜೋರು ಓಡತೈತ್ರಿ!" ಮುರಗೆಪ್ಪ ಅದನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ತಂದು ನೋಡಿದರೆ, ಆ ಹೊಸ ಮದುಮಗಳು ಗಿರಿಮಲ್ಲಪ್ಪನ ಪ್ರೋಗ್ರಾಮನ್ನು ಹೊಸಿಲೊಳಗೆ ಬಿಟ್ಟುಕೊಳ್ಳಲೇ ಇಲ್ಲ. ಇದು ಯಾವ ಕಾಲದ್ದು, ನನಗೆ ಗುರುತಿಲ್ಲ ಎಂದು ಇಂಗ್ಲಿಷಿನಲ್ಲಿ ಮುಖ ತಿರುಗಿಸಿತು. "ಹೊಸಾ ಸಾಫ್ಟವೇರ್ ತಗೋರಿ ಕಾಕಾ, ಮೂರು ತಿಂಗಳದಾಗ ಕಲೀತೀರಿ" ಎಂದ ಶಿವಯೋಗಿ. ಕಲಿಯೋಣ, ಅವಸರವೇನಿದೆ ಎಂದುಕೊಂಡು ಮುರಗೆಪ್ಪ ಕಂಪ್ಯೂಟರಿಗೆ ಟವೆಲ್ಲು ಹೊದಿಸಿಟ್ಟ.

ಅವಸರ ಒಂದು ರವಿವಾರ ಮುಂಜಾನೆ ರಬಕವಿಯಿಂದ ಓಡುತ್ತ ಬಂತು. ಅದರ ಹೆಸರು ಕರೆವ್ವ.

ಕರೆವ್ವನಿಗೆ ಐವತ್ತೆರಡು. ಗಂಡ ಪಾಂಡಪ್ಪ ತೀರಿಕೊಂಡು ಏಳು ವರ್ಷವಾಗಿತ್ತು. ಎರಡು ಮಗ್ಗಗಳನ್ನು ಅವಳೇ ನಡೆಸುತ್ತಿದ್ದಳು. ಅವಳು ಹೊಸಿಲು ದಾಟುವ ಮೊದಲೇ ಅವಳ ದನಿ ದಾಟಿತು.

"ಮುರಗೆಪ್ಪಣ್ಣಾ, ಆಡು ತಿಂದಬಿಡ್ತೋ ಯಣ್ಣಾ!"

"ಏನ್ ತಿಂತು ಯವ್ವಾ?"

"ಪಾಂಡಪ್ಪನ ಅಂಚು!"

ಸಂಗತಿ ಹೀಗೆ. ಪಾಂಡಪ್ಪ ಬದುಕಿದ್ದಾಗ ತಾನೇ ಒಂದು ಅಂಚು ಬರೆದಿದ್ದ. ಜೋಳದ ತೆನೆ, ತೆನೆಯ ಮೇಲೊಂದು ಗುಬ್ಬಿ. ಜೀವಮಾನದಲ್ಲಿ ಅವನು ಬರೆದದ್ದು ಅದೊಂದೇ. ಒಬ್ಬಳೇ ಮಗಳು ಮಾದೇವಿಗೆ, "ನಿನ್ನ ಕುಬಸಕ್ಕ ಹಸರ ಸೀರಿಗಿ ಇದ ಅಂಚು ಹಾಕಿ ನಾನ ನೇದು ಕೊಡ್ತೇನಿ" ಎಂದು ಮಾತು ಕೊಟ್ಟಿದ್ದ. ಈಗ ಮಾದೇವಿ ಬೀಳಗಿಯ ಸೊಸೆ, ಏಳು ತಿಂಗಳ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಹಸಿರು ಸೀರೆ ತರುವುದು ಪದ್ಧತಿ. ಇನ್ನು ಹನ್ನೆರಡು ದಿನಕ್ಕೆ, ಶುಕ್ರವಾರ, ಕುಬಸ. ಅಪ್ಪನ ಮಾತನ್ನು ಅವ್ವ ನಡೆಸುತ್ತೇನೆಂದು ಫೋನಿನಲ್ಲಿ ಹೇಳಿದ್ದಳು; ಮಗಳು ಅತ್ತಿದ್ದಳು; ಎಲ್ಲ ಆಗಿತ್ತು.

ಅಂಚಿನ ರಟ್ಟುಗಳು ಅಟ್ಟದ ಮೇಲಿದ್ದವು. ಒಟ್ಟು ನೂರಾ ಎಂಬತ್ತನಾಲ್ಕು. ಹಳೆಯವಾಗಿ ತುದಿ ಜಜ್ಜಿಹೋಗಿದ್ದರಿಂದ ಕರೆವ್ವ, ನೇಕಾರರ ಮನೆಯ ಎಲ್ಲ ಹೆಂಗಸರೂ ಮಾಡುವಂತೆ, ಜೋಳದ ಹಿಟ್ಟಿನ ಅಂಟು ಕುದಿಸಿ, ಗಟ್ಟಿಯಾಗಿ ಬಳಿದು, ಅಂಗಳದಲ್ಲಿ ಬಿಸಿಲಿಗೆ ಹರವಿ ಒಳಗೆ ಹೋದಳು. ಅಂಟು ಹಾಳಾಗಬಾರದೆಂದು ಚಿಟಿಕೆ ಉಪ್ಪನ್ನೂ ಹಾಕಿದ್ದಳು. ಜೋಳದ ಹಿಟ್ಟು, ಉಪ್ಪು, ಬಿಸಿಲಲ್ಲಿ ಗರಿಗರಿಯಾದ ರಟ್ಟು. ಪಕ್ಕದ ಮನೆಯ ಕಾಮಣ್ಣನ ಆಡಿಗೆ ಅಂಥ ಹಪ್ಪಳ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

"ಎಷ್ಟು ತಿಂದೈತಿ?" ಮುರಗೆಪ್ಪ ಕೇಳಿದ.

"ಎಪ್ಪತ್ತೊಂದು. ಸಾಲಾಗಿ ತಿಂದಿದ್ರ ಒಂದು ಮಾತಿತ್ತು. ಮೂರನೇದು ಬಿಟ್ಟೈತಿ, ನಾಕನೇದು ತಿಂದೈತಿ, ನಲವತ್ತನೇದು ಅರ್ಧಾ ತಿಂದು ರುಚಿ ಸೇರಲಾರದ ಉಗುಳೈತಿ!"

ಆಡಿನ ಒಡೆಯ ಕಾಮಣ್ಣನೂ ಹಿಂದಿನಿಂದಲೇ ಬಂದಿದ್ದ, ತಪ್ಪೊಪ್ಪಿಕೊಳ್ಳಲಿಕ್ಕಲ್ಲ. "ನಮ್ಮ ಆಡು ಮುಂಜಾನಿಂದ ಮೆಲಕು ಹಾಕಾಕತ್ತಿಲ್ಲ ಕರೆವ್ವಾ. ಅಂಟಿನಾಗ ಏನ್ ಹಾಕಿದ್ದಿ, ಖರೆ ಹೇಳು."

"ನಿನ್ನ ಆಡಿನ ಹೊಟ್ಟ್ಯಾಗ ನನ್ನ ಗಂಡ ಅದಾನ! ಬಾಯಿ ಮುಚ್ಚಿಕೊಂಡು ಹೋಗ್ತಿಯೋ ಇಲ್ಲೋ?"

ಪಾಂಡಪ್ಪ ಗೆರೆ ಕಾಗದದ ಮೇಲೆ ಬರೆದ ಮೂಲಚಿತ್ರ ಎಂದೋ ಗೆದ್ದಲಿಗೆ ಹೋಗಿತ್ತು. ಅದೇ ಅಂಚಿನ ಹಳೆಯ ಸೀರೆಯೊಂದಿತ್ತು, ಅದನ್ನು ಮಾದೇವಿಯ ಮದುವೆಗೂ ಮೊದಲೇ ಹರಿದು ದುಪಟಿ ಮಾಡಿ, ಅದೂ ಜೀರ್ಣವಾಗಿತ್ತು. ಉಳಿದದ್ದು ಒಂದೇ ಜಾಗ. ೨೦೦೧ರಲ್ಲಿ ಆ ರಟ್ಟುಗಳನ್ನು ಮಾಡಿಕೊಟ್ಟವನು ಮುರಗೆಪ್ಪನೇ; ಪಾಂಡಪ್ಪನ ತೆನೆ, ಗುಬ್ಬಿ ಎರಡೂ ಗಿರಿಮಲ್ಲಪ್ಪನ ಪ್ರೋಗ್ರಾಮಿನ ಹಸಿರು ಚೌಕಗಳಲ್ಲಿ ಕೂತಿದ್ದವು. ಹಳೆಯ ಕಂಪ್ಯೂಟರು ಸತ್ತರೂ ಅದರೊಳಗಿನ ಡಿಸ್ಕು ಬದುಕಿತ್ತು. ಆದರೆ ಆ ಚೌಕಗಳನ್ನು ತೆರೆಯಬಲ್ಲ ಕೀಲಿ ಲೋಕದಲ್ಲಿ ಒಂದೇ ಒಂದು, ಮತ್ತು ಹೊಸ ಕಂಪ್ಯೂಟರಿಗೆ ಆ ಕೀಲಿ ಒಗ್ಗುತ್ತಿರಲಿಲ್ಲ.

"ಹನ್ನೆರಡು ದಿನದಾಗ ಆಗತೈತೇನಣ್ಣಾ?" ಕರೆವ್ವ ಈಗ ಮೆಲ್ಲಗೆ ಕೇಳಿದಳು. ಬೈಯುವಾಗ ಇದ್ದ ದನಿ ಎಲ್ಲಿಗೆ ಹೋಯಿತೋ. "ಆಗಲಿಲ್ಲಂದ್ರ ಪ್ಯಾಟಿ ಸೀರಿ ಒಯ್ತೇನಿ. ಅಕಿ ಏನೂ ಅನ್ನೂದಿಲ್ಲ. ಅನ್ನೂದಿಲ್ಲಂತನ ನನಗ ಸಂಕಟ."

ಮುರಗೆಪ್ಪ ಟವೆಲ್ಲು ತೆಗೆದ.

ಮಂಗಳವಾರ ಶಿವಯೋಗಿ ಜಮಖಂಡಿಯಿಂದ ಬಂದ. ತನ್ನ ಹೊಸ ಹೋರಿಗೆ ಹಳೆಯ ೯೮ ಹಾಕಬೇಕು ಎಂದು ಕೇಳಿದಾಗ ಅವನ ಮುಖ ಸೋತಿತು. "ಕಾಕಾ, ಇದಕ್ಕ ಅದನ್ನ ಹಾಕೂದು ಅಂದ್ರ ವಿಮಾನಕ್ಕ ಚಕ್ಕಡಿ ಗಾಲಿ ಹಾಕಿದಂಗ್ರಿ."

"ಹಾರಬೇಕಾಗಿಲ್ಲೋ ತಮ್ಮಾ. ಬೀಳಗಿಗಿ ಹೋದ್ರ ಸಾಕು."

ಶಿವಯೋಗಿ ನಕ್ಕು ಕೂತ. ಹಳೆಯ ಸಿ.ಡಿ. ಹುಡುಕಿ ೯೮ನ್ನು ಹಾಕಿದ. ಅದು ಏಳಲಿಲ್ಲ. ತಲೆ ಕೆರೆದುಕೊಂಡು ನೋಡಿದ ಮೇಲೆ ಕಾರಣ ತಿಳಿಯಿತು. "ಇಷ್ಟು ಮೆಮರಿ ನೋಡಿ ಅದು ಗಾಬರಿ ಆಗೈತ್ರಿ. ಆ ಕಾಲದಾಗ ಇಷ್ಟೆಲ್ಲ ಇರಲಿಲ್ಲಲ್ಲ. ಒಂದು ಪಟ್ಟಿ ಕಿತ್ತಬೇಕು."

"ನೆನಪು ಕಿತ್ರ ಪಾಂಡಪ್ಪನ ಗುಬ್ಬಿ ಹಾರಿ ಹೋಗೂದಿಲ್ಲಲ್ಲ?"

"ಅದು ಬ್ಯಾರೆ ಡಬ್ಬ್ಯಾಗ ಐತ್ರಿ, ಹೆದರಬ್ಯಾಡ್ರಿ."

ಹೀಗೆ ಬನಹಟ್ಟಿಯ ಅತ್ಯಾಧುನಿಕ ಕಂಪ್ಯೂಟರು ಅರ್ಧ ನೆನಪು ಕಳೆದುಕೊಂಡು, ಹದಿನಾರೇ ಬಣ್ಣ ಕಾಣುತ್ತ, ಕಿವುಡಾಗಿ ಮೂಕಾಗಿ ಎದ್ದು ಕೂತಿತು. ಹೊಸ ಯಂತ್ರದ ದನಿಪೆಟ್ಟಿಗೆಯ ಗುರುತೇ ೯೮ಕ್ಕೆ ಇರಲಿಲ್ಲ. ಇರದಿದ್ದರೇನು, ಕಪ್ಪು ಪರದೆ ಬಂತು, ಹಸಿರು ಚೌಕ ಬಂತು, ಗಿರಿಮಲ್ಲಪ್ಪನ ಹೆಸರು ಬಂತು. ಮುರಗೆಪ್ಪ ಊದುಬತ್ತಿ ಹಚ್ಚಿದ. ಪಾಂಡಪ್ಪನ ಅಂಚು ತೆರೆದ. ತೆನೆಯ ಮೇಲೆ ಗುಬ್ಬಿ ಒಂಬತ್ತು ವರ್ಷದ ಹಿಂದೆ ಕೂತಲ್ಲೇ ಕೂತಿತ್ತು. ಕರೆವ್ವ ಪರದೆಗೆ ಮೂಗು ಹಚ್ಚಿ ನೋಡಿ, "ಅವ್ನ ಕೈ" ಎಂದಳು. ಶಿವವ್ವ ಎಲ್ಲರಿಗೂ ಚಹಾ ಮಾಡಿದಳು. ಗೆದ್ದೆವೆಂದೇ ಎಲ್ಲರೂ ತಿಳಿದರು.

ಆಮೇಲೆ ಮುರಗೆಪ್ಪ ಯಂತ್ರಕ್ಕೆ ಒಂದು ರಟ್ಟು ಕೊಟ್ಟು ಗುಂಡಿ ಒತ್ತಿದ.

ಹದಿಮೂರು ವರ್ಷ ಅವನ ಕಿವಿ ಕೇಳಿದ್ದು ಟಕ್, ಟಕ್, ಟಕ್. ಈಗ ಕೇಳಿಸಿದ್ದು ಟರ್ರ್ ಎಂಬ ಒಂದೇ ಸದ್ದು. ಯಂತ್ರ ಮೈಮೇಲೆ ದೇವರು ಬಂದ ಹಾಗೆ ನಡುಗಿತು. ರಟ್ಟು ಹೊರಗೆ ಬಂದಾಗ ಮತ್ತೊಂದು ಆಡು ಅಗಿದಂತಿತ್ತು.

ಗಿರಿಮಲ್ಲಪ್ಪ ಇಪ್ಪತ್ತು ಸಾವಿರ ಎಣಿಸು ಎಂದಿದ್ದ. ಹೊಸ ಕಂಪ್ಯೂಟರು ವಿಧೇಯವಾಗಿ ಎಣಿಸುತ್ತಿತ್ತು. ಹಳೆಯದಕ್ಕೆ ಅಷ್ಟು ಎಣಿಸಲು ಒಂದು ಉಸಿರಿನಷ್ಟು ಹೊತ್ತು ಬೇಕಾಗುತ್ತಿತ್ತು. ಐವತ್ತು ಪಟ್ಟು ಜೋರಿನ ಈ ಹೋರಿ ರೆಪ್ಪೆ ಮಿಟುಕಿಸುವುದರೊಳಗೆ ಎಣಿಸಿ ಮುಗಿಸಿ, ಯಂತ್ರ ಕೈ ಎತ್ತುವ ಮೊದಲೇ ಮುಂದಿನ ತೂತಿಗೆ ಅಪ್ಪಣೆ ಕೊಡುತ್ತಿತ್ತು. ಇನ್ನಷ್ಟು ಎಣಿಸು ಎಂದು ತಿದ್ದಬಲ್ಲವನು ಮುಧೋಳದ ಮಣ್ಣಿನಲ್ಲಿ ಮಲಗಿದ್ದ.

"ಸಾವಕಾಶ ಓಡೂ ಕಂಪ್ಯೂಟರ್ ಕೊಡು" ಎಂದ ಮುರಗೆಪ್ಪ.

"ಅಂಥಾದು ಈಗ ಯಾರು ಮಾರ್ತಾರ್ರಿ?" ಶಿವಯೋಗಿಯ ಜೀವನದಲ್ಲಿ ಗಿರಾಕಿಯೊಬ್ಬ ಇಂಥ ಬೇಡಿಕೆ ಇಟ್ಟದ್ದು ಅದೇ ಮೊದಲು. ಗುಜರಿಯವರನ್ನು ಕೇಳುತ್ತೇನೆಂದು ಹೇಳಿ ಹೋದ. ಬುಧವಾರ ಲೋಕಾಪುರದಲ್ಲಿ ಹುಡುಕಿದ, ಗುರುವಾರ ಮುಧೋಳದಲ್ಲಿ. ಎಲ್ಲ ಹಳೆಯವೂ ತೂಕಕ್ಕೆ ಹೋಗಿಬಿಟ್ಟಿದ್ದವು. ಈ ಕಡೆ ಮುರಗೆಪ್ಪ ಒಂದೊಂದು ಉಪಾಯಕ್ಕೆ ಒಂದೊಂದು ರಟ್ಟು ಬಲಿ ಕೊಡುತ್ತ ಹನ್ನೊಂದು ರಟ್ಟು ಕಳೆದ. ಶುಕ್ರವಾರ ಹೋಯಿತು. ಕುಬಸಕ್ಕೆ ಏಳು ದಿನ.

ಶನಿವಾರ ಕರೆವ್ವ ಮತ್ತೆ ಬಂದಳು. ಮುರಗೆಪ್ಪ ಅವಳ ಕಣ್ಣು ತಪ್ಪಿಸಿ, ನಡೆದದ್ದನ್ನೆಲ್ಲ ಹೇಳಿದ. ಕಂಪ್ಯೂಟರು ಬಹಳ ಜೋರು ಓಡುತ್ತದೆ, ತಡೆಯುವುದು ತನಗೆ ಗೊತ್ತಿಲ್ಲ, ಪೇಟೆ ಸೀರೆಯನ್ನೇ ನೋಡಬೇಕಾಗಬಹುದು ಎಂದ.

ಕರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಾಳೆಂದು ಅವನು ತಿಳಿದಿದ್ದ. ಅವಳು ಸಿಟ್ಟಿಗೆದ್ದಿದ್ದಳು.

"ಜೋರು ಓಡತೈತಿ ಅಂತ ಅಳ್ತಾ ಕುಂತಿಯಲ್ಲೋ! ಮಗ್ಗದಾಗ ನೂಲು ಸುತ್ತಿದ ಉರುಳಿ ಜೋರು ತಿರಗಿದ್ರ ಏನ್ ಮಾಡ್ತೇವಿ? ಹಗ್ಗ ಸುತ್ತಿ ಕಲ್ಲು ಕಟ್ಟತೇವಿ. ಒಂದು ಕಲ್ಲು ಸಾಲಲಿಲ್ಲಂದ್ರ ಎರಡು. ಇದಕ್ಕೂ ಕಟ್ಟು!"

"ಇದಕ್ಕೆಲ್ಲಿ ಕಟ್ಟೂದವಾ ಕಲ್ಲು?" ಎಂದು ಮುರಗೆಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಕಂಪ್ಯೂಟರಿಗೂ ಮೈಭಾರವಾಗುವುದುಂಟು. ಹಳೆಯದರಲ್ಲಿ ಒಮ್ಮೆ ಶಿವವ್ವ ತನ್ನ ತಂಗಿ ರಾಜಶ್ರೀಯ ಮದುವೆಯ ಸಿ.ಡಿ. ಹಾಕಿ ನೋಡಲು ಹೋಗಿದ್ದಳು; ಅತ್ತ ರಟ್ಟು ಹೊಡೆಯುವ ಯಂತ್ರ ತಾಳಿ ಕಟ್ಟುವವರೆಗೂ ಕೈ ಎತ್ತಿಕೊಂಡೇ ನಿಂತುಬಿಟ್ಟಿತ್ತು. ಅವತ್ತು ಅವನು ಶಿವವ್ವನ ಮೇಲೆ ಎಗರಾಡಿದ್ದ. ಅವಳು ನಾಲ್ಕು ದಿನ ಮಾತು ಬಿಟ್ಟಿದ್ದಳು.

"ಶಿವವ್ವಾ," ಎಂದು ಒಳಗೆ ಕೂಗಿದ, "ನಿನ್ನ ತಂಗಿ ಮದವಿ ಸಿ.ಡಿ. ಎಲ್ಲೈತಿ?"

"ಯಾಕ? ಮತ್ತೇನ್ ತಪ್ಪಾತು ಅದರಿಂದ?"

"ತಪ್ಪಲ್ಲ ಮಾರಾಯ್ತಿ. ಅದು ಬೇಕಾಗೈತಿ. ಕಲ್ಲು ಅದು, ಕಲ್ಲು!"

ತಂಗಿಯ ಮದುವೆಯನ್ನು ಕಲ್ಲು ಎಂದದ್ದಕ್ಕೆ ಶಿವವ್ವ ಒಂದು ನೋಟ ನೋಡಿದಳು, ಆದರೂ ಸಿ.ಡಿ. ಕೊಟ್ಟಳು. ಮುರಗೆಪ್ಪ ಆ ಮದುವೆಯನ್ನು ಡಿಸ್ಕಿಗೆ ಇಳಿಸಿ, ಪರದೆಯ ಒಂದು ಮೂಲೆಯಲ್ಲಿ ನಡೆಯಲು ಬಿಟ್ಟು, ಇನ್ನೊಂದು ಮೂಲೆಯಲ್ಲಿ ಗಿರಿಮಲ್ಲಪ್ಪನ ಪ್ರೋಗ್ರಾಮನ್ನು ಓಡಿಸಿದ. ಟರ್ರ್ ಎಂಬುದು ಟರ್ ಎಂದಾಯಿತು. ಹೌದು ಅಲ್ಲವೇ! ಅದೇ ಮದುವೆಯನ್ನು ಎರಡನೇ ಸಲ ಹಚ್ಚಲು ಹೋದರೆ ಕಂಪ್ಯೂಟರು ಒಪ್ಪಲಿಲ್ಲ. ಒಬ್ಬಳಿಗೆ ಒಂದೇ ಮದುವೆ ಎಂಬ ನಿಷ್ಠೆಯ ಯಂತ್ರ. ಬೇರೆ ಮದುವೆಗಳು ಬೇಕು.

ಓಣಿಯಲ್ಲಿ ಸಿ.ಡಿ. ಇಲ್ಲದ ಮನೆ ಯಾವುದು? ಕರೆವ್ವ ಒಂದು ತುದಿಯಿಂದ, ಶಿವವ್ವ ಇನ್ನೊಂದು ತುದಿಯಿಂದ ಹೊರಟರು. "ಮುರಗೆಪ್ಪಗ ಮದವಿ ಬೇಕಾಗ್ಯಾವಂತ, ಕೊಡ್ರಿ" ಎಂದು ಕೇಳಿದರೆ ಯಾರು ಸುಮ್ಮನಿರುತ್ತಾರೆ? ಕೊಟ್ಟವರೆಲ್ಲ ಹಿಂದೆಯೇ ಬಂದರು. ರವಿವಾರ ಮಧ್ಯಾಹ್ನದ ಹೊತ್ತಿಗೆ ಆ ಎಂಟಡಿ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಶಿವಯೋಗಿಯೂ ಸುದ್ದಿ ಕೇಳಿ ಜಮಖಂಡಿಯಿಂದ ಬಂದವನು ಬಾಗಿಲಲ್ಲೇ ಬಾಯಿ ತೆರೆದು ನಿಂತ.

ಪರದೆಯ ತುಂಬ ಅಂಗೈಯಗಲದ ಮದುವೆಗಳು. ಸದ್ದಿಲ್ಲ. ಬ್ಯಾಂಡಿನವರು ಮೂಕವಾಗಿ ಕೆನ್ನೆ ಉಬ್ಬಿಸುತ್ತಿದ್ದರು. ಹದಿನಾರೇ ಬಣ್ಣವಾದ್ದರಿಂದ ಮದುಮಕ್ಕಳ ಮುಖ ಹಸಿರು, ಅರಿಷಿಣ ನೇರಳೆ. ಆರು ಮದುವೆಗೆ ಟರ್ ಎಂಬುದು ಟಟಟಟ ಎಂದಾಯಿತು. ಏಳಕ್ಕೆ ರಟ್ಟು ಹರಿಯಿತು, ಆದರೆ ಅರ್ಧದ ಮೇಲೆ ಹರಿಯಿತು. ಎಂಟಕ್ಕೆ ತುದಿ ಮಾತ್ರ.

"ನನ್ನ ಮಗನ ಮದವಿ ಹಚ್ಚೋ," ಎಂದು ಕಾಮಣ್ಣ ಮುಂದೆ ನುಗ್ಗಿ ಎರಡು ಸಿ.ಡಿ. ಚಾಚಿದ. "ಡಬಲ್ ಐತಿ. ಫೋಟೋದವ ಮದುಮಗಳ್ನ ತಾವರಿ ಹೂವಿನಾಗ ತಿರಗಿಸ್ಯಾನ. ಬಾಳ ತೂಕ!"

ತಪ್ಪು ಒಪ್ಪಿಕೊಳ್ಳಲು ಬಾಯಿ ಬಾರದ ಮನುಷ್ಯ ಹೀಗೆ ಬಂದ. ಕರೆವ್ವ ಅವನ ಮುಖ ನೋಡಿದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಕಾಮಣ್ಣನ ಸೊಸೆ ತಾವರೆಯಲ್ಲಿ ಒಂದು ಸುತ್ತು ತಿರುಗಿದಳು. ಇಡೀ ಕಂಪ್ಯೂಟರು ನಿಟ್ಟುಸಿರಿಟ್ಟಿತು. ಆಗ ಮುರಗೆಪ್ಪ ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಟಕ್. ಟಕ್. ಟಕ್.

ರಟ್ಟು ಹೊರಗೆ ಬಂತು. ಮುರಗೆಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ತೂತು ಒಂದೊಂದೂ ದುಂಡಗೆ, ಬಿಡಿಬಿಡಿಯಾಗಿ, ಆಚೆಯ ಆಕಾಶ ಕಾಣುವಂತಿತ್ತು. ಆಡು ತಿನ್ನದೆ ಉಳಿಸಿದ್ದ ಮೂರನೆಯ ರಟ್ಟಿನ ಪಕ್ಕ ಈ ನಾಲ್ಕನೆಯದನ್ನು ಇಟ್ಟು ನೋಡಿದ. ಅಣ್ಣ ತಮ್ಮಂದಿರ ಹಾಗೆ ಹೊಂದಿದವು.

ಪರೀಕ್ಷೆಗೆಂದು ಯಾರೋ ಹತ್ತನೆಯದನ್ನೂ ಹಚ್ಚಿಸಿದರು. ಯಂತ್ರ ಎತ್ತಿದ ಕೈ ಇಳಿಸಲೇ ಇಲ್ಲ. "ಬ್ಯಾಡ ಬ್ಯಾಡ, ಒಂಬತ್ತು ಸಾಕು" ಎಂದು ಮುರಗೆಪ್ಪ ಅದನ್ನು ತೆಗೆದ. ಪುರಾಣ ಹುಟ್ಟಿದ್ದು ಆ ಕ್ಷಣದಲ್ಲಿ.

ಎಪ್ಪತ್ತೊಂದು ರಟ್ಟುಗಳು ಮಂಗಳವಾರ ಮುಂಜಾನೆಗೆ ಮುಗಿದವು. ನಡುನಡುವೆ ಒಂದೊಂದು ಮದುವೆ ಮುಗಿದು ಕಂಪ್ಯೂಟರು ಹಗುರಾಗುತ್ತಿತ್ತು. ಆಗ ಕಾವಲಿಗೆ ಕೂತ ಹೆಂಗಸರು, "ಯಣ್ಣಾ, ರಾಜಶ್ರೀದು ಊಟಕ್ಕ ಕುಂತ್ರು, ಮೊದಲಿಂದ ಹಚ್ಚು" ಎಂದು ಎಚ್ಚರಿಸುತ್ತಿದ್ದರು. ಕರೆವ್ವ ರಟ್ಟುಗಳನ್ನು ಹೊಲಿದು ಸರ ಮಾಡಿ ಮಗ್ಗಕ್ಕೆ ಏರಿಸಿದಳು. ಕರೆಂಟು ಇದ್ದಷ್ಟು ಹೊತ್ತು ನೇಯ್ದಳು, ಹೋದಾಗ ಮಗ್ಗದ ಪಕ್ಕದಲ್ಲೇ ಕೂತು ಕಾದಳು. ಗುರುವಾರ ಸಂಜೆ ಸೀರೆ ಮಗ್ಗದಿಂದ ಇಳಿಯಿತು.

ಅದೇ ಸಂಜೆ ಮುರಗೆಪ್ಪ ಸಿ.ಡಿ. ಕೊಟ್ಟ ಉಳಿದ ಎಂಟು ಮನೆಗಳಿಗೂ ನಡೆದುಹೋಗಿ ಒಂದೊಂದು ಹಿಡಿ ಸಕ್ಕರೆ ಕೊಟ್ಟು ಕೈಮುಗಿದ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾರ ಮದುವೆ ಹೆಚ್ಚು ತೂಕ ಬಂತು? ಎಲ್ಲರಿಗೂ ಅವನು ಒಂದೇ ಉತ್ತರ ಕೊಟ್ಟ: "ನಿಮ್ಮದ."

ಶುಕ್ರವಾರ ಬೀಳಗಿಯಲ್ಲಿ ಕುಬಸ. ಕರೆವ್ವ ಮುರಗೆಪ್ಪನನ್ನೂ ಶಿವವ್ವನನ್ನೂ ಬಿಡದೆ ಕರೆದುಕೊಂಡು ಹೋದಳು. ಮಾದೇವಿಯನ್ನು ಹಸೆಗೆ ಕೂಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿದರು. ಸೀರೆ ಮಡಿಲಿಗೆ ಬಂದಾಗ ಅವಳು ಅಂಚಿನ ಮೇಲೆ ಬೆರಳಿಟ್ಟು ತೆನೆಯಿಂದ ತೆನೆಗೆ, ಗುಬ್ಬಿಯಿಂದ ಗುಬ್ಬಿಗೆ ಹೋದಳು. ಸೆರಗಿನ ತುದಿಯವರೆಗೂ ಹೋಗಿ, ಮತ್ತೆ ಹಿಂದಕ್ಕೆ ಬಂದಳು. ಅತ್ತೆ ಬೇಗ ಬೇಗ ಎಂದರೂ ನಿಲ್ಲಿಸಲಿಲ್ಲ. ಕೊನೆಗೆ ತಲೆಯೆತ್ತಿ ಅವ್ವನನ್ನು ನೋಡಿ, "ಅಪ್ಪ ಬಂದಾನಲ್ಲಬೇ" ಎಂದಳು. ಕರೆವ್ವ ಹೌದೆಂದು ತಲೆಯಾಡಿಸಿದಳು. ಬಾಗಿಲ ಹತ್ತಿರ ನಿಂತಿದ್ದ ಮುರಗೆಪ್ಪ ಚಾಳೀಸು ತೆಗೆದು ಒರೆಸಿಕೊಂಡ, ಅದು ಸ್ವಚ್ಛವಾಗಿಯೇ ಇತ್ತು.

ಮಾದೇವಿಯ ಮಾವ ಬಸವಂತಪ್ಪ ಮಾಸ್ತರರು ಸಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅಣೆಕಟ್ಟಿನ ಹಿನ್ನೀರು ಬಂದು ತಮ್ಮ ಹಳೆಯ ಊರು ಮುಳುಗಿದಾಗ ಸಾಲೆಯ ಗಂಟೆಯನ್ನು ಹೊತ್ತು ತಂದವರು. ಭಾಷಣವಿಲ್ಲದೆ ಅವರ ಮನೆಯಲ್ಲಿ ಯಾವ ಕಾರ್ಯವೂ ಮುಗಿಯುತ್ತಿರಲಿಲ್ಲ. ಅವರು ಮುರಗೆಪ್ಪನನ್ನು ನಡುಮನೆಗೆ ಎಳೆದು ತಂದು, ಶಾಲು ಹೊದಿಸಿ, ಹೆಗಲ ಮೇಲೆ ಕೈಯಿಟ್ಟು ಆರಂಭಿಸಿದರು.

"ಬಂಧುಗಳ, ಇಂದು ಜಗತ್ತೆಲ್ಲಾ ಹೊಸಾದರ ಬೆನ್ನ ಹತ್ತಿ ಓಡಾಕತ್ತೈತಿ. ಅಂಥಾ ಹೊತ್ತಿನ್ಯಾಗ ಈ ಧೀರ, ಈ ಮಹಾತ್ಮ, ಹಳೇದರ ಕೈ ಬಿಡಲಿಲ್ಲ! ಐವತ್ತು ಪಟ್ಟು ಓಡೂ ಕುದರೀನ ಹಿಡದು ನಿಲ್ಲಿಸಿ, ಗುರುವಿನ ಋಣಾ ತೀರಿಸಿ, ತೀರಿಹೋದ ತಂದಿ ಮಾತು ಉಳಿಸಿದ! ಇದರ ಹಿಂದ ಎಂಥಾ ದೊಡ್ಡ ವಿಚಾರ ಇರಬೇಕು, ಎಂಥಾ ತಪಸ್ಸು ಇರಬೇಕು! ಮುರಗೆಪ್ಪನವರ, ನೀವ ನಿಮ್ಮ ಬಾಯಿಲೆ ಹೇಳ್ರಿ. ಹೊಸಾದು ಕೈಯಾಗಿದ್ರೂ ಹಳೇದನ್ನ ಯಾಕ ಆರಿಸ್ಕೊಂಡ್ರಿ?"

ಹೋಳಿಗೆ ಬಡಿಸಲು ನಿಂತವರೂ ಬುಟ್ಟಿ ಹಿಡಿದು ಅಲ್ಲೇ ನಿಂತರು. ಶಾಲಿನೊಳಗಿಂದ ಮುರಗೆಪ್ಪ ಒಮ್ಮೆ ಕರೆವ್ವನನ್ನು, ಒಮ್ಮೆ ಹಸೆಯ ಮೇಲಿದ್ದ ಮಾದೇವಿಯನ್ನು ನೋಡಿದ.

"ದಿನಾ ಹನ್ನೆರಡ ಇದ್ದೂರಿ," ಎಂದ. "ಹೊಸಾದು ನನಗ ಬರತಿರಲಿಲ್ಲ. ಹಳೇದು ಬರತಿತ್ತು."